ಕೋಲಾಡ್‌ನಲ್ಲಿ ಒಂದು ದಿನ, ಹೊಳೆಯಲ್ಲಿ ರಾಫ್ಟಿಂಗ್, ಕಾಡುದಾರಿಯಲ್ಲಿ ಎಟಿವಿ: ಮುಂಬೈ–ಪುಣೆ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ, ಠಾಣೆ, ಡೊಂಬಿವಲಿ, ಪುಣೆ ಕಡೆಯ ಕನ್ನಡಿಗರು ರಾಯಗಡ ಜಿಲ್ಲೆಯ ಕೋಲಾಡ್‌ಗೆ ಹೊರಡುವ ಮುಂಚೆ ಫೋನಿನಲ್ಲಿ, ಪತ್ರಗಳಲ್ಲಿ, ಸಂಘದ ಕಾರ್ಯಕ್ರಮಗಳಲ್ಲಿ ಸಿಕ್ಕಾಗ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಹಾಗೇ ಉಳಿಸಿದ್ದೇವೆ. ರಾಫ್ಟಿಂಗ್ ಎಂದರೆ ಗಾಳಿ ತುಂಬಿದ ದೋಣಿಯಲ್ಲಿ ಹುಟ್ಟು ಹಾಕುತ್ತಾ ಹೊಳೆ ಇಳಿಯುವುದು. ಇಡೀ ದಿನದ ಲೆಕ್ಕ ನಿಂತಿರುವುದು ಮೇಲ್ಹೊಳೆಯ ಭಿರಾ ವಿದ್ಯುತ್ ಘಟಕದಿಂದ ನೀರು ಎಷ್ಟು ಹೊತ್ತಿಗೆ ಬಿಡುತ್ತಾರೆ ಎಂಬುದರ ಮೇಲೆ. ಅದು ಗೊತ್ತಾದ ಮೇಲೆ ಊಟ, ಎಟಿವಿ (ಕಾಡುದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ), ವಾಪಸು ಪ್ರಯಾಣ ಎಲ್ಲವನ್ನೂ ಅದಕ್ಕೆ ಹೊಂದಿಸಿಕೊಳ್ಳಬೇಕು.

## ಹೊರಡುವ ಮುಂಚೆ

ಬೇಸಿಗ್ಯಾಗ ಹೊಳಿ ಒಣಗಿರೂದಿಲ್ಲೇನ್ರಿ? ಆಗ ರಾಫ್ಟಿಂಗ್ ಹೆಂಗ ನಡಸ್ತಾರ?

ಕೋಲಾಡ್‌ನಲ್ಲಿ ರಾಫ್ಟಿಂಗ್ ನಡೆಯುವ ಕುಂಡಲಿಕಾ ಮಳೆಯನ್ನಷ್ಟೇ ನಂಬಿದ ಹೊಳೆಯಲ್ಲ. ಪುಣೆಯ ಪಶ್ಚಿಮಕ್ಕೆ, ಮುಳಶಿಯಲ್ಲಿ, ಮುಳಾ ನದಿಗೆ ಟಾಟಾ ಕಂಪನಿ ಕಟ್ಟಿದ ಅಣೆಕಟ್ಟಿದೆ. ಅಲ್ಲಿನ ನೀರನ್ನು ಸುರಂಗ, ಕೊಳವೆಗಳ ಮೂಲಕ ಸಹ್ಯಾದ್ರಿಯ ಬುಡದಲ್ಲಿರುವ ಭಿರಾಕ್ಕೆ ಇಳಿಸಿ 1927ರಿಂದ ವಿದ್ಯುತ್ ತಯಾರಿಸುತ್ತಿದ್ದಾರೆ. ಟರ್ಬೈನ್ ತಿರುಗಿಸಿ ಹೊರಬಂದ ನೀರು ಕುಂಡಲಿಕೆಗೆ ಸೇರಿ, ರೋಹಾ ದಾಟಿ, ರೇವದಂಡಾದ ಬಳಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ತಡೆಯದೆ ಬಿಟ್ಟಿದ್ದರೆ ಇದೇ ನೀರು ಪೂರ್ವಕ್ಕೆ ಹರಿದು, ಭೀಮೆಗೆ ಸೇರಿ, ಗಾಣಗಾಪುರದ ಪಕ್ಕ ಹಾದು ಕೃಷ್ಣೆಗೆ ಬರುತ್ತಿತ್ತು. ಅಣೆಕಟ್ಟಿನಲ್ಲಿ ಮುಳುಗಲಿದ್ದ ಹಳ್ಳಿಗಳ ರೈತರು 1921ರಲ್ಲಿ ಸೇನಾಪತಿ ಬಾಪಟರ ಮುಂದಾಳತ್ವದಲ್ಲಿ ಸತ್ಯಾಗ್ರಹ ಹೂಡಿದ್ದರು. ಆ ಹೊಳೆಯಲ್ಲಿ ಆಡಲು ಹೋಗುವವರಿಗೆ ಇಷ್ಟು ತಿಳಿದಿರಲಿ ಎಂದು ನಮ್ಮ ಆಸೆ.

ಹೀಗಾಗಿ ಮಾರ್ಚ್–ಏಪ್ರಿಲ್‌ನಲ್ಲೂ ಇಲ್ಲಿ ನೀರಿರುತ್ತದೆ, ಆದರೆ ಇಡೀ ದಿನ ಇರುವುದಿಲ್ಲ. ವಿದ್ಯುತ್ ಘಟಕ ನಡೆದಾಗ ಹೊಳೆ ಏರುತ್ತದೆ, ನಿಂತಾಗ ಇಳಿಯುತ್ತದೆ. ಸಾಮಾನ್ಯವಾಗಿ ನೀರು ಬೆಳಿಗ್ಗೆ ಬರುತ್ತದೆ, ರಾಫ್ಟುಗಳು 8ರಿಂದ 10ರೊಳಗೆ ಇಳಿಯುತ್ತವೆ. ಘಟಕದ ದುರಸ್ತಿ ಇದ್ದರೆ ಅಥವಾ ವಿದ್ಯುತ್ ಬೇಡಿಕೆ ಕಡಿಮೆಯಾದರೆ ಹೊತ್ತು ಬದಲಾಗಬಹುದು, ಆ ದಿನ ನೀರೇ ಬಿಡದಿರಬಹುದು. ಹಿಂದಿನ ಸಂಜೆ ಫೋನ್ ಮಾಡಿ ‘ನಾಳೆ ನೀರು ಖಚಿತವೇ, ಎಷ್ಟು ಹೊತ್ತಿಗೆ?’ ಎಂದು ಕೇಳದೆ ಮನೆಯಿಂದ ಹೊರಡಬೇಡಿ.

ಯಾವ ತಿಂಗಳು ಒಳ್ಳೇದು?

ಮೊದಲ ಸಲದವರಿಗೆ ಅಕ್ಟೋಬರ್‌ನಿಂದ ಫೆಬ್ರವರಿ. ನೀರು ಹದವಾಗಿರುತ್ತದೆ, ಎಟಿವಿ ದಾರಿ ಒಣಗಿರುತ್ತದೆ, ಬಿಸಿಲು ಸುಡುವುದಿಲ್ಲ. ನದಿಯ ಕಷ್ಟವನ್ನು ಅಳೆಯುವ 1ರಿಂದ 6ರ ಶ್ರೇಣಿಯಲ್ಲಿ ಕುಂಡಲಿಕಾ 2 ಮತ್ತು 3ರಲ್ಲಿ ಬರುತ್ತದೆ. ಅಲೆ, ತಿರುವು, ಸಣ್ಣ ಇಳಿತಗಳಿವೆ. ಗೈಡ್ ಹೇಳಿದಂತೆ ಹುಟ್ಟು ಹಾಕಿದರೆ ಹೊಸಬರೂ ದಾಟುತ್ತಾರೆ. ಜುಲೈ–ಆಗಸ್ಟ್‌ನಲ್ಲಿ ಬಿಟ್ಟ ನೀರಿನ ಜೊತೆಗೆ ಮಳೆನೀರೂ ಸೇರುತ್ತದೆ, ಹೊಳೆಯ ಜೋರು ಹೆಚ್ಚುತ್ತದೆ, ಮರದ ದಿಮ್ಮಿಗಳು ತೇಲಿ ಬರುತ್ತವೆ. ರಾಯಗಡ ಜಿಲ್ಲೆಗೆ ಹವಾಮಾನ ಇಲಾಖೆ ಆರೆಂಜ್ ಅಥವಾ ರೆಡ್ ಅಲರ್ಟ್ ಕೊಟ್ಟಿದ್ದರೆ ಆ ದಿನ ಬಿಟ್ಟುಬಿಡಿ. ‘ನಾವು ನಡೆಸ್ತೀವಿ, ಬನ್ನಿ’ ಎನ್ನುವವರಿದ್ದರೆ ಅವರನ್ನೂ ಬಿಟ್ಟುಬಿಡಿ.

ಗೋವಾದಲ್ಲಿದ್ದೇವೆ. ನಾವೂ ಕೋಲಾಡ್‌ಗೇ ಬರಬೇಕಾ?

ಬೇಡ. ವಾಸ್ಕೋ, ಫೋಂಡಾ ಕಡೆಯವರಿಗೆ ಮಹದಾಯಿ ಇದೆ. ಖಾನಾಪುರ ತಾಲೂಕಿನ ಭೀಮಗಡ ಕಾಡಿನಲ್ಲಿ ಹುಟ್ಟಿ ಸತ್ತರಿ ತಾಲೂಕಿಗೆ ಇಳಿಯುವ ಈ ನದಿಯಲ್ಲಿ ವಾಳಪೈ ಸುತ್ತಮುತ್ತ ರಾಫ್ಟಿಂಗ್ ನಡೆಯುತ್ತದೆ. ಇಲ್ಲಿ ವಿದ್ಯುತ್ ಘಟಕದ ಆಸರೆ ಇಲ್ಲ, ಪೂರ್ತಿ ಮಳೆಯ ನೀರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ಬೆಳಗಾವಿಯವರಿಗೆ ಚೋರ್ಲಾ ಘಾಟ್ ಇಳಿದರೆ ಅದು ಹತ್ತಿರವೇ. ಮಳೆ ಮುಗಿದ ಮೇಲೆ ಬೇಕೆಂದರೆ ಸೂಪಾ ಅಣೆಕಟ್ಟಿನ ಕೆಳಗೆ ಗಣೇಶಗುಡಿಯಲ್ಲಿ ಕಾಳಿ ನದಿ. ಅಲ್ಲೂ ಕುಂಡಲಿಕೆಯ ಹಾಗೆ ಬಿಟ್ಟ ನೀರನ್ನೇ ಕಾಯಬೇಕು.

ಮುಂಬೈಯಿಂದ ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರಬಹುದಾ? ಟ್ರೇನ್ ಇದೆಯಾ?

ಕಾರಿನಲ್ಲಾದರೆ ಸೇರಬಹುದು. ದಾದರ್‌ನಿಂದ ಪನ್ವೇಲ್, ಪೇಣ್, ನಾಗೋಠಣೆ ದಾರಿಯಲ್ಲಿ ಸುಮಾರು 120 ಕಿ.ಮೀ. ಪುಣೆಯಿಂದ ಪೌಡ್, ಮುಳಶಿ, ತಾಮ್ಹಿಣಿ ಘಾಟ್ ಇಳಿದರೆ ಸುಮಾರು 110 ಕಿ.ಮೀ. ಎರಡಕ್ಕೂ ಮೂರರಿಂದ ಮೂರೂವರೆ ಗಂಟೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಇನ್ನೊಂದು ಗಂಟೆ ಸೇರಿಸಿ, ಏಕೆಂದರೆ ಗೋವಾ ಹೆದ್ದಾರಿಯಲ್ಲಿ ಗುಂಡಿಗಳಿರುತ್ತವೆ, ತಾಮ್ಹಿಣಿಯಲ್ಲಿ ಮಂಜು ಮುಸುಕುತ್ತದೆ, ಕೆಲವೊಮ್ಮೆ ಗುಡ್ಡ ಕುಸಿದು ದಾರಿಯೇ ಮುಚ್ಚುತ್ತದೆ. ಅಂದರೆ ಬೆಳಗಿನ ಜಾವ ನಾಲ್ಕೂವರೆಗೆ ಗಾಡಿ ಹೊರಟಿರಬೇಕು.

ಕೊಂಕಣ ರೈಲ್ವೆಯ ಕೋಲಾಡ್ ನಿಲ್ದಾಣ ಹತ್ತಿರವೇ ಇದೆ (ಲಾರಿಗಳನ್ನು ಹೊತ್ತು ಸುರತ್ಕಲ್‌ಗೆ ಹೋಗುವ ರೋ-ರೋ ರೈಲು ಹೊರಡುವುದು ಇಲ್ಲಿಂದಲೇ). ಆದರೆ ಅದೇ ದಿನ ಬೆಳಿಗ್ಗೆ ರೈಲಿನಲ್ಲಿ ಬಂದು ನೀರಿನ ಹೊತ್ತಿಗೆ ತಲುಪುವುದು ನೆಚ್ಚಬಹುದಾದ ಲೆಕ್ಕವಲ್ಲ. ರೈಲೇ ಬೇಕೆಂದರೆ ಹಿಂದಿನ ರಾತ್ರಿ ಬಂದು ಉಳಿಯಿರಿ. ಹಿರಿಯರು ಜೊತೆಗಿದ್ದರೆ ಕಾರಿನವರಿಗೂ ಇದನ್ನೇ ಹೇಳುತ್ತೇವೆ. ಎಂಟು ಗಂಟೆ ನಿದ್ದೆ ಮಾಡಿ ಎದ್ದ ಡ್ರೈವರು ಸಂಜೆ ವಾಪಸು ಹೊರಟಾಗಲೂ ಚುರುಕಾಗಿರುತ್ತಾನೆ. ಒಂದೇ ದಿನ ಹೋಗಿಬರುವುದಾದರೆ ಗಾಡಿ ಓಡಿಸುವವರು ಎಟಿವಿ ಬಿಟ್ಟು ಆ ಹೊತ್ತು ಮಲಗಲಿ.

ಎಟಿವಿ ಮೊದಲು ಮುಗಿಸಿ ಆರಾಮಾಗಿ ರಾಫ್ಟಿಂಗ್‌ಗೆ ಹೋದರೆ ಆಗಲ್ವಾ?

ಆಗುವುದಿಲ್ಲ. ನೀರು ಕಾಯುವುದಿಲ್ಲ, ಎಟಿವಿ ಕಾಯುತ್ತದೆ. ಬಿಟ್ಟ ನೀರು ಮುಂದೆ ಹೋದ ಮೇಲೆ ಇಳಿದರೆ ರಾಫ್ಟ್ ಬಂಡೆಗಳ ಮೇಲೆ ಸಿಕ್ಕಿಕೊಳ್ಳುತ್ತದೆ, ಅರ್ಧ ದಾರಿ ನೂಕುವುದರಲ್ಲೇ ಕಳೆಯುತ್ತದೆ.

ನಮ್ಮ ಲೆಕ್ಕ ಹೀಗೆ. 7.45ಕ್ಕೆ ಕೋಲಾಡ್ ಮುಟ್ಟಿ. ಬಟ್ಟೆ ಬದಲಿಸಿ, ಫಾರ್ಮ್ ತುಂಬಿ, ಜಾಕೆಟ್ ಹಾಕಿಕೊಂಡು ಜೀಪಿನಲ್ಲಿ ಸಾಜೆ ಹಳ್ಳಿಯ ಬಳಿಗೆ ಹೋಗಲು ಒಂದು ಗಂಟೆ ಬೇಕು. ಸೂಚನೆಗಳಿಗೆ 20 ನಿಮಿಷ. ಸುಮಾರು 12 ಕಿ.ಮೀ. ಹೊಳೆದಾರಿಗೆ ಒಂದೂವರೆಯಿಂದ ಎರಡೂವರೆ ಗಂಟೆ. ಮೇಲೆ ಬಂದು, ಮೈ ಒರೆಸಿ, ಊಟ ಮುಗಿಸುವಾಗ ಒಂದೂವರೆ ಆಗುತ್ತದೆ. ಕನಿಷ್ಠ ಒಂದು ಗಂಟೆ ಸುಮ್ಮನೆ ಕುಳಿತುಕೊಳ್ಳಿ. ಹುಟ್ಟು ಹಾಕಿದ ಕೈಗಳಿಗೆ ಹಿಡಿತ ವಾಪಸು ಬರಲು ಅಷ್ಟು ಹೊತ್ತು ಬೇಕು, ಮತ್ತು ಎಟಿವಿಯ ಬ್ರೇಕು, ಆಕ್ಸಿಲರೇಟರ್ ಎರಡೂ ಕೈಯಲ್ಲೇ ಇರುತ್ತವೆ. ಮೂರಕ್ಕೆ ಎಟಿವಿ, ಅರ್ಧ ಗಂಟೆ ಸಾಕು. ನಾಲ್ಕೂವರೆಗೆ ಹೊರಟರೆ ಘಾಟ್ ಏರುವಾಗ ಇನ್ನೂ ಬೆಳಕಿರುತ್ತದೆ.

ಬುಕ್ ಮಾಡುವಾಗ ದುಡ್ಡು ಬಿಟ್ಟು ಬೇರೆ ಏನು ಕೇಳಬೇಕು?

ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಸಾಹಸ ಪ್ರವಾಸೋದ್ಯಮ ನೀತಿ ತಂದಿದೆ. ಇಂಥ ಆಟ ನಡೆಸುವವರು ಪ್ರವಾಸೋದ್ಯಮ ನಿರ್ದೇಶನಾಲಯದಲ್ಲಿ ನೋಂದಾಯಿಸಿಕೊಳ್ಳಬೇಕು. ಮೊದಲ ಪ್ರಶ್ನೆ ಆ ನೋಂದಣಿ ಪತ್ರದ್ದೇ ಇರಲಿ, ಫೋಟೋ ಕಳಿಸಲು ಹೇಳಿ. ಎರಡನೆಯದು, ರಾಫ್ಟುಗಳ ಜೊತೆ ರಕ್ಷಣೆಗೆಂದು ಕಯಾಕ್ (ಒಬ್ಬರೇ ನಡೆಸುವ ಸಣ್ಣ ದೋಣಿ) ಬರುತ್ತದೆಯೇ? ಮೂರನೆಯದು, ನೀರು ಬಿಡದಿದ್ದರೆ ಹಣ ವಾಪಸೋ, ಬೇರೆ ತಾರೀಖೋ? ಇದನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಬಹುತೇಕ ಜಗಳಗಳು ಹುಟ್ಟುವುದು ಇಲ್ಲಿಯೇ. ಬೆಲೆಯಲ್ಲಿ ಜೀಪು, ಊಟ, ತೆರಿಗೆ ಸೇರಿದೆಯೇ, ಎಟಿವಿ ಲೆಕ್ಕ ಸುತ್ತಿಗೋ ನಿಮಿಷಕ್ಕೋ ಎಂಬುದನ್ನು ಆಮೇಲೆ ಕೇಳಿ.

ವಿಮೆಯನ್ನು ನೀವೇ ನೋಡಿಕೊಳ್ಳಬೇಕು. ಅನೇಕ ಅಪಘಾತ ವಿಮೆಗಳಲ್ಲಿ ಸಾಹಸ ಕ್ರೀಡೆಯನ್ನು ಹೊರಗಿಟ್ಟಿರುತ್ತಾರೆ. ಪಾಲಿಸಿಯಲ್ಲಿ ‘ಹೊರತುಪಡಿಸಿದವು’ ಎಂಬ ಭಾಗವನ್ನು ಓದಿ.

## ಯಾರು ಬರಬಹುದು, ಏನು ತರಬೇಕು

ನನಗೆ ಈಜು ಬರುವುದಿಲ್ಲ ಮಾರಾಯ್ರೆ, ಆಗ್ತದಾ?

ಆಗುತ್ತದೆ. ತೇಲಿಸುವುದು ಲೈಫ್ ಜಾಕೆಟ್, ಈಜಲ್ಲ. ಈಜು ಬಾರದವರು ಗೈಡಿಗೆ ಮೊದಲೇ ಹೇಳಿ, ಅವರು ನಿಮ್ಮನ್ನು ತಮ್ಮ ಹತ್ತಿರ, ಹಿಂದಿನ ಸಾಲಿನಲ್ಲಿ ಕೂರಿಸುತ್ತಾರೆ. ಆದರೆ ಈಜು ಬಾರದಿರುವುದು ಬೇರೆ, ಮುಖಕ್ಕೆ ನೀರು ಬಿದ್ದ ಕೂಡಲೇ ಉಸಿರುಗಟ್ಟಿದಂತಾಗಿ ಗಾಬರಿಬೀಳುವುದು ಬೇರೆ. ಎರಡನೆಯ ಗುಂಪಿನವರು ಮೊದಲು ಶಾಂತ ನೀರಿನಲ್ಲಿ ಜಾಕೆಟ್ ಹಾಕಿ ಹತ್ತು ನಿಮಿಷ ತೇಲಿ ನೋಡಲಿ. ಅಷ್ಟಕ್ಕೆ ಸಮಾಧಾನವಾದರೆ ರಾಫ್ಟ್ ಹತ್ತಲಿ, ಇಲ್ಲವಾದರೆ ದಡದಲ್ಲಿ ಉಳಿಯಲಿ. ಅವರನ್ನು ಛೇಡಿಸಿ ಹತ್ತಿಸುವ ಗೆಳೆಯರ ಬಗ್ಗೆ ನಮಗೆ ಸಿಟ್ಟಿದೆ.

ಮಗಳಿಗೆ 11, ಅಪ್ಪಾಜಿಗೆ 64. ಇಬ್ಬರನ್ನೂ ಕರಕೊಂಡು ಬರಬಹುದೇನ್ರಿ?

ರಾಫ್ಟಿಂಗ್‌ಗೆ ಸಾಮಾನ್ಯವಾಗಿ 14 ವರ್ಷ ತುಂಬಿರಬೇಕು. ವಯಸ್ಸು ಒಂದೇ ಅಲ್ಲ, ದೊಡ್ಡವರ ಜಾಕೆಟ್ ಮಗುವಿನ ಮೈಯಿಂದ ಜಾರಿ ಮೇಲೆ ಬರುತ್ತದೆ, ಅಪಾಯ ಅದರಲ್ಲಿದೆ. ದೊಡ್ಡ ಎಟಿವಿ ಓಡಿಸಲು 16 ಆಗಿರಬೇಕು. ಚಿಕ್ಕ ಎಂಜಿನ್ನಿನ ಮಕ್ಕಳ ಗಾಡಿ, ಬೇಲಿ ಹಾಕಿದ ಸಮತಟ್ಟಾದ ಜಾಗ ಇದ್ದರೆ ಮಗಳು ಅಲ್ಲಿ ಓಡಿಸಲಿ.

ಅಪ್ಪಾಜಿಯವರ ಬಿಪಿ ಹತೋಟಿಯಲ್ಲಿದ್ದು, ದಿನಾ ಮೂರು–ನಾಲ್ಕು ಕಿ.ಮೀ. ನಡೆಯುವವರಾದರೆ ಚಳಿಗಾಲದ ಹೊಳೆ ಅವರಿಗೆ ಕಷ್ಟವೇನಲ್ಲ. ಹೃದಯದ ತೊಂದರೆ, ಮೂರ್ಛೆರೋಗ, ಬೆನ್ನಿನ ಡಿಸ್ಕ್ ಜಾರಿದವರು, ಇತ್ತೀಚೆಗೆ ಆಪರೇಷನ್ ಆದವರು, ಗರ್ಭಿಣಿಯರು ಎರಡೂ ಬಿಡಬೇಕು. ಆಸ್ತಮಾ ಇದ್ದರೆ ಇನ್‌ಹೇಲರ್ ಗೈಡಿನ ಡ್ರೈ ಬ್ಯಾಗಿನಲ್ಲಿರಲಿ (ನೀರು ಹೊಗದ ಚೀಲ). ಕುಡಿದವರಿಗೆ ಪ್ರವೇಶವಿಲ್ಲ, ಹಿಂದಿನ ರಾತ್ರಿ ತಡವಾಗಿ ಕುಡಿದವರೂ ಇದರಲ್ಲಿ ಸೇರುತ್ತಾರೆ.

ಆ ದಿನ ಮುಟ್ಟು ಬಂದರೆ ಕ್ಯಾನ್ಸಲ್ ಮಾಡಬೇಕಾ?

ಮಾಡಬೇಕಿಲ್ಲ. ಕಪ್ ಅಥವಾ ಟ್ಯಾಂಪೂನ್ ಬಳಸಿ, ಪ್ಯಾಡ್ ನೀರು ಹೀರಿ ಉಬ್ಬುತ್ತದೆ. ಕಪ್ ಅಭ್ಯಾಸವಿಲ್ಲದವರು ಅದನ್ನು ಹಿಂದಿನ ತಿಂಗಳೇ ಬಳಸಿ ನೋಡಿರಲಿ. ಹೊಟ್ಟೆನೋವು ಜೋರಾಗಿದ್ದರೆ ಮಾತ್ರ ತಾರೀಖು ಬದಲಿಸಿ.

ಏನು ಉಡಬೇಕು? ಏನು ತರಬೇಕು?

ಬೇಗ ಒಣಗುವ ಪಾಲಿಯೆಸ್ಟರ್ ಟೀಶರ್ಟ್, ಟ್ರ್ಯಾಕ್ ಪ್ಯಾಂಟ್. ಜೀನ್ಸ್ ಬೇಡ, ನೆನೆದ ಜೀನ್ಸ್ ಭಾರವಾಗಿ ತೊಡೆ ಉಜ್ಜಿ ಕೆಂಪಾಗುತ್ತದೆ. ಕಾಲಿಗೆ ಹಿಂಬದಿ ಪಟ್ಟಿ ಇರುವ ಸ್ಯಾಂಡಲ್ ಅಥವಾ ಹಳೆಯ ಕ್ಯಾನ್ವಾಸ್ ಶೂ. ಚಪ್ಪಲಿ ಮೊದಲ ಅಲೆಗೇ ಹೋಗುತ್ತದೆ. ಎಟಿವಿಗೆ ಪಾದದ ಗಂಟು ಮುಚ್ಚುವ ಇನ್ನೊಂದು ಜೊತೆ ಒಣ ಶೂ, ಉದ್ದ ಪ್ಯಾಂಟು, ಉದ್ದ ತೋಳು.

ದುಪಟ್ಟಾ, ಶಾಲು, ಸೆರಗು ಎಟಿವಿ ಮೇಲೆ ಕೂಡದು. ತುದಿ ಹಿಂದಿನ ಆಕ್ಸೆಲ್‌ಗೆ ಸುತ್ತಿಕೊಂಡರೆ ಕ್ಷಣದಲ್ಲಿ ಕುತ್ತಿಗೆ ಎಳೆಯುತ್ತದೆ. ಉದ್ದ ಜಡೆಯನ್ನು ಸುತ್ತಿ ಹೆಲ್ಮೆಟ್ ಒಳಗೆ ಸೇರಿಸಿ. ಉಂಗುರ, ಬಳೆ, ಕರಿಮಣಿ ಮನೆಯಲ್ಲೇ ಇರಲಿ. ತೆಗೆಯುವ ಮನಸ್ಸಿಲ್ಲದವರು ಸರವನ್ನು ಟೀಶರ್ಟಿನೊಳಗೆ ಪಿನ್ನು ಹಾಕಿ ಭದ್ರ ಮಾಡಲಿ. ಕನ್ನಡಕಕ್ಕೆ ಹಿಂದಿನಿಂದ ಕಟ್ಟುವ ದಾರ ಬೇಕು. ಮೊಬೈಲು, ಕಾರಿನ ಕೀಲಿ ರಾಫ್ಟಿಗೆ ಬರಬಾರದು. ರಿಮೋಟ್ ಕೀಲಿಗೆ ನೀರು ಹೊಕ್ಕರೆ ಸಂಜೆ ಕಾರು ತೆಗೆಯುವುದೇ ಕಷ್ಟ.

ತಲಾ ಎರಡು ಲೀಟರ್ ನೀರು, ಎರಡು ಓಆರ್‌ಎಸ್ ಪೊಟ್ಟಣ, ಟವೆಲ್, ಒಳಬಟ್ಟೆ ಸೇರಿ ಒಂದು ಪೂರ್ತಿ ಜೊತೆ ಬಟ್ಟೆ. ಹಂಚಿ ಹಾಕುವ ಹೆಲ್ಮೆಟ್‌ಗಳಿಗೆ ಒಳಗೆ ಹಾಕಿಕೊಳ್ಳಲು ತೆಳು ಬಟ್ಟೆಯ ಟೋಪಿ ತಂದರೆ ಒಳ್ಳೆಯದು.

ತಿಂಡಿ ತಿಂದು ಇಳಿಯೋದಾ, ಖಾಲಿ ಹೊಟ್ಟೆಯಲ್ಲಾ?

ಎರಡೂ ತಪ್ಪು. ಇಳಿಯುವ ಒಂದೂವರೆ ಗಂಟೆ ಮುಂಚೆ ಎರಡು ಇಡ್ಲಿ ಅಥವಾ ಒಂದು ಬಟ್ಟಲು ಅವಲಕ್ಕಿ, ಒಂದು ಬಾಳೆಹಣ್ಣು. ಸಕ್ಕರೆ ಕಾಯಿಲೆಯವರು ಇದನ್ನು ತಪ್ಪಿಸಲೇಬಾರದು. ಹೆದ್ದಾರಿಯಲ್ಲಿ ಮಿಸಳ್, ವಡಾಪಾವ್ ಕಂಡರೆ ವಾಪಸು ಬರುವಾಗ ತಿನ್ನಿ. ನೀರಿನಿಂದ ಮೇಲೆ ಬಂದಾಗ ಹಸಿವು ಜೋರಿರುತ್ತದೆ, ಊಟಕ್ಕೆ ತಡವಾಗುವುದೂ ಉಂಟು. ಚಪಾತಿ–ಶೇಂಗಾ ಚಟ್ನಿ ಅಥವಾ ಮೊಸರನ್ನದ ಡಬ್ಬಿ ಕಾರಿನಲ್ಲಿ ಇರಲಿ.

## ಎಟಿವಿ ಮೇಲೆ

ಬೈಕ್ ಓಡಿಸಲು ಬರುತ್ತದೆ. ಎಟಿವಿ ಅಷ್ಟೇ ಅಲ್ವಾ?

ಬೈಕ್ ಬಲ್ಲವರೇ ಮೊದಲ ಐದು ನಿಮಿಷದಲ್ಲಿ ಹೆಚ್ಚು ಎಡವುತ್ತಾರೆ. ಕಾರಣ ಮೂರು. ಬೈಕಿನಲ್ಲಿ ಮುಷ್ಟಿ ತಿರುಗಿಸುತ್ತೀರಿ, ಇಲ್ಲಿ ಬಲಗೈ ಹೆಬ್ಬೆರಳಿನಿಂದ ಒತ್ತುತ್ತೀರಿ. ಗುಂಡಿಗೆ ಬಿದ್ದು ಮೈ ಮುಂದೆ ವಾಲಿದಾಗ ಹೆಬ್ಬೆರಳು ತಾನಾಗಿ ಒತ್ತಿಕೊಂಡು ಗಾಡಿ ನುಗ್ಗುತ್ತದೆ. ಎರಡನೆಯದು, ಬೈಕ್ ವಾಲಿದಾಗ ಕಾಲು ನೆಲಕ್ಕೆ ಊರುವ ಅಭ್ಯಾಸ. ಎಟಿವಿಯಲ್ಲಿ ಕಾಲು ಕೆಳಗಿಟ್ಟರೆ ಹಿಂದಿನ ಚಕ್ರ ಅದರ ಮೇಲೇ ಹತ್ತುತ್ತದೆ, ಕಣಕಾಲು ಮುರಿಯುವುದು ಹೀಗೆಯೇ. ಏನೇ ಆದರೂ ಎರಡೂ ಪಾದ ಫುಟ್‌ರೆಸ್ಟ್ ಮೇಲಿರಲಿ.

ಮೂರನೆಯದು ತಿರುವು. ಬಾಡಿಗೆಗೆ ಕೊಡುವ ಹೆಚ್ಚಿನ ಎಟಿವಿಗಳಲ್ಲಿ ಹಿಂದಿನ ಎರಡು ಚಕ್ರಗಳು ಒಂದೇ ಗಟ್ಟಿ ಆಕ್ಸೆಲ್‌ಗೆ ಕೂತಿರುತ್ತವೆ, ಕಾರಿನಲ್ಲಿರುವ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಹೊರಚಕ್ರ ಹೆಚ್ಚು ದೂರ ಉರುಳಬೇಕು, ಒಳಚಕ್ರ ಕಡಿಮೆ. ಎರಡೂ ಒಂದೇ ವೇಗದಲ್ಲಿ ಸುತ್ತುವುದರಿಂದ ಗಾಡಿ ಹ್ಯಾಂಡಲ್ ತಿರುಗಿಸಿದರೂ ನೇರಕ್ಕೇ ನೂಕುತ್ತದೆ. ಪರಿಹಾರ ಮೈಯಲ್ಲಿದೆ. ವೇಗ ಇಳಿಸಿ, ಸೀಟಿನಲ್ಲಿ ಸ್ವಲ್ಪ ಮುಂದೆ ಸರಿಯಿರಿ. ಎದೆ–ಭುಜ ತಿರುವಿನ ಒಳಗಡೆಗೆ ಬಾಗಲಿ, ತೂಕ ಹೊರಗಿನ ಫುಟ್‌ರೆಸ್ಟ್ ಮೇಲೆ ಬೀಳಲಿ. ಒಳಚಕ್ರ ಹಗುರಾಗಿ ಜಾರುತ್ತದೆ, ಗಾಡಿ ತಿರುಗುತ್ತದೆ.

ಗಾಡಿ ಸರಿ ಇದೆಯಾ ಅಂತ ನಾನು ಹೇಗೆ ನೋಡಲಿ? ಮೆಕ್ಯಾನಿಕ್ ಅಲ್ಲ.

ಎರಡು ನಿಮಿಷದ ಕೆಲಸ. ಹೆಬ್ಬೆರಳಿನ ಥ್ರಾಟಲ್ (ಆಕ್ಸಿಲರೇಟರ್) ಒತ್ತಿ ಬಿಡಿ. ಟಪ್ಪನೆ ವಾಪಸು ಬರಬೇಕು. ಮಣ್ಣು ಕೂತು ನಿಧಾನವಾಗಿ ಬಂದರೆ ಆ ಗಾಡಿ ಬೇಡವೇ ಬೇಡ, ಇದರಲ್ಲಿ ರಾಜಿ ಇಲ್ಲ. ಎರಡೂ ಬ್ರೇಕ್ ಲಿವರ್ ಹಿಡಿದು ಗಾಡಿ ನೂಕಿ ನೋಡಿ, ಅಲುಗಾಡಬಾರದು. ಎಂಜಿನ್ ಶುರು ಮಾಡಿ ಕೆಂಪು ಕಿಲ್ ಸ್ವಿಚ್ ಒತ್ತಿ, ಕೂಡಲೇ ನಿಲ್ಲಬೇಕು. ಟೈರುಗಳು ನೋಡಲು ಮೆತ್ತಗಿರುತ್ತವೆ, ಅದು ದೋಷವಲ್ಲ. ಹಿಡಿತಕ್ಕಾಗಿ ಗಾಳಿಯನ್ನು ಕಾರಿಗಿಂತ ಬಹಳ ಕಡಿಮೆ ಇಡುತ್ತಾರೆ. ಆದರೆ ಎಡ–ಬಲ ಟೈರುಗಳ ಉಬ್ಬು ಸಮ ಇರಬೇಕು, ಇಲ್ಲದಿದ್ದರೆ ಗಾಡಿ ಒಂದು ಬದಿಗೆ ಎಳೆಯುತ್ತದೆ. ಮುಂದೆ, ನ್ಯೂಟ್ರಲ್, ರಿವರ್ಸ್ ಲಿವರ್ ಎಲ್ಲಿದೆ ಎಂದು ಕೇಳಿ, ನಿಂತಲ್ಲೇ ಹಾಕಿ ತೆಗೆದು ನೋಡಿ.

ಹೆಂಡತಿಯನ್ನ ಹಿಂದೆ ಕೂರಿಸಿಕೊಳ್ಳಬಹುದಾ?

ಒಬ್ಬರ ಗಾಡಿಯಲ್ಲಿ ಬೇಡ. ಸೀಟು ಉದ್ದವಾಗಿರುವುದು ಓಡಿಸುವವರು ಹಿಂದೆ ಮುಂದೆ ಸರಿದು ತೂಕ ಬದಲಿಸಲಿ ಎಂದು, ಇನ್ನೊಬ್ಬರಿಗಾಗಿ ಅಲ್ಲ. ಹಿಂದೆ ಯಾರಾದರೂ ಕೂತರೆ ತೂಕ ಹಿಂದಿನ ಆಕ್ಸೆಲ್‌ನ ಹಿಂದಕ್ಕೆ ಹೋಗಿ, ಏರು ಹತ್ತುವಾಗ ಮುಂದಿನ ಚಕ್ರಗಳು ಎದ್ದು ಗಾಡಿ ಮಗುಚುತ್ತದೆ. ಅವರಿಗೂ ಒಂದು ಗಾಡಿ ಕೊಡಿಸಿ, ಅವರೇ ಓಡಿಸಲಿ.

ಏರಿನಲ್ಲಿ ಗಾಡಿ ನಿಂತುಹೋದರೆ?

ಥ್ರಾಟಲ್ ಜೋರಾಗಿ ಒತ್ತಬೇಡಿ, ಮುಂಭಾಗ ಎದ್ದು ಮಗುಚುವುದು ಆಗಲೇ. ಮೈ ಮುಂದಕ್ಕೆ ಬಾಗಿಸಿ, ಬ್ರೇಕ್ ಗಟ್ಟಿಯಾಗಿ ಹಿಡಿದು, ಕೈ ಎತ್ತಿ ಗೈಡನ್ನು ಕರೆಯಿರಿ. ಇಳಿಯಲೇಬೇಕಾದರೆ ಇಳಿಜಾರಿನ ಮೇಲ್ಬದಿಗೆ ಇಳಿಯಿರಿ. ಇಳುಕಲಿನಲ್ಲಿ ಇದರ ತಿರುಗುಮುರುಗು: ಮೈ ಹಿಂದಕ್ಕೆ, ಹೆಬ್ಬೆರಳು ಬಿಟ್ಟು ಎಂಜಿನ್ ತಡೆಯಲ್ಲೇ ನಿಧಾನ ಇಳಿಯಿರಿ. ಗುಡ್ಡದ ಮೈಯಲ್ಲಿ ಅಡ್ಡಕ್ಕೆ ತಿರುಗಿಸುವುದು ಹೊಸಬರಿಗೆ ಸಲ್ಲದು.

ಲೈಸೆನ್ಸ್ ಬೇಕಾ? ಬೀಚ್ ಮೇಲೆ ಓಡಿಸಿದರೆ ಇನ್ನೂ ಚೆನ್ನಾಗಿರಲ್ವಾ?

ಖಾಸಗಿ ಜಾಗದ ಟ್ರ್ಯಾಕಿನಲ್ಲಿ ಯಾರೂ ಲೈಸೆನ್ಸ್ ಕೇಳುವುದಿಲ್ಲ. ಆದರೆ ನೋಂದಣಿ ಇಲ್ಲದ ಗಾಡಿ ಸಾರ್ವಜನಿಕ ರಸ್ತೆಗೆ ಇಳಿಯುವಂತಿಲ್ಲ, 1988ರ ಮೋಟಾರು ವಾಹನ ಕಾಯ್ದೆಯ ಮಾತಿದು. ಟ್ರ್ಯಾಕ್ ನಡುವೆ ಹಳ್ಳಿಯ ಡಾಂಬರು ರಸ್ತೆ ಬರುತ್ತದೆ ಎಂದರೆ ಬೇರೆ ಕಡೆ ನೋಡಿ. ಗಟ್ಟಿ ನೆಲಕ್ಕೆ ಆ ಟೈರುಗಳೂ ಹೊಂದುವುದಿಲ್ಲ.

ಬೀಚ್ ಮೇಲೆ ಬೇಡ. ರಾಯಗಡದ ದಿವೇಆಗರ, ಹರಿಹರೇಶ್ವರ, ಗೋವಾದ ಮೋರ್ಜಿಂ, ಗಾಲ್ಜಿಬಾಗ್ ತೀರಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಚಳಿಗಾಲದಲ್ಲಿ ಮರಳಿನೊಳಗೆ ಮೊಟ್ಟೆ ಇಡುತ್ತವೆ. ಮೇಲಿನಿಂದ ಗುರುತು ಸಿಗುವುದಿಲ್ಲ, ಚಕ್ರ ಹಾಯ್ದರೆ ಮೊಟ್ಟೆಗಳು ಅಲ್ಲೇ ಮುಗಿದವು.

## ನೀರಿನಲ್ಲಿ

ಜಾಕೆಟ್ ತುಂಬ ಬಿಗಿ ಅನಿಸ್ತದೆ. ಸ್ವಲ್ಪ ಸಡಿಲ ಮಾಡಲಾ?

ಬಿಗಿ ಇರಬೇಕಾದ್ದೇ. ಎಲ್ಲ ಬಕಲ್ ಹಾಕಿ, ಮೊದಲು ಸೊಂಟದ, ಆಮೇಲೆ ಪಕ್ಕದ, ಕೊನೆಗೆ ಭುಜದ ಪಟ್ಟಿ ಎಳೆಯಿರಿ. ಈಗ ಜೊತೆಯವರು ನಿಮ್ಮ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಲಿ. ಜಾಕೆಟ್ ಗಲ್ಲ ದಾಟಿ ಮೇಲೆ ಬಂದರೆ ನೀರಿನಲ್ಲೂ ಹಾಗೇ ಬಂದು ಮುಖ ಮುಚ್ಚುತ್ತದೆ. ಅಳತೆ ಬದಲಿಸಿ. ಅಳತೆ ತೂಕದ್ದಲ್ಲ, ಎದೆ ಸುತ್ತಳತೆಯದ್ದು. ದಪ್ಪ ಇದ್ದವರು ಬುಕ್ ಮಾಡುವಾಗಲೇ ದೊಡ್ಡ ಜಾಕೆಟ್ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಬಕಲ್ ಮುರಿದು ಗಂಟು ಹಾಕಿದ್ದರೆ ಆ ಜಾಕೆಟ್ ವಾಪಸು ಕೊಡಿ.

ಗೈಡ್ ಹಿಂದಿ–ಮರಾಠಿಯಲ್ಲಿ ಹೇಳ್ತಾನೆ. ನಮ್ಮಮ್ಮನಿಗೆ ಕನ್ನಡ ಬಿಟ್ಟರೆ ಬರಲ್ಲ.

ಹೊಳೆಯಲ್ಲಿ ಕೂಗುವ ಮಾತುಗಳು ಬೆರಳೆಣಿಕೆಯಷ್ಟು, ಎಲ್ಲ ಕಡೆಯೂ ಅವೇ. ಹೊರಡುವ ಹಿಂದಿನ ದಿನ ಅಮ್ಮನನ್ನು ಸೋಫಾ ಅಂಚಿನಲ್ಲಿ ಕೂರಿಸಿ, ಕೈಗೆ ಕೋಲು ಕೊಟ್ಟು ಅಭ್ಯಾಸ ಮಾಡಿಸಿ. ‘ಫಾರ್ವರ್ಡ್’ ಎಂದರೆ ಮುಂದಕ್ಕೆ ಬಾಗಿ ನೀರನ್ನು ಹಿಂದೆ ತಳ್ಳು. ‘ಬ್ಯಾಕ್’ ಎಂದರೆ ಇದರ ತಿರುಗುಮುರುಗು, ನೀರನ್ನು ಮುಂದೆ ತಳ್ಳು. ‘ಸ್ಟಾಪ್’ ಎಂದರೆ ಹುಟ್ಟು ತೊಡೆಯ ಮೇಲೆ. ‘ಗೆಟ್ ಡೌನ್’ ಎಂದರೆ ರಾಫ್ಟಿನೊಳಗೆ ಕೆಳಗೆ ಕೂತು ಹೊರಸುತ್ತಿನ ಹಗ್ಗ ಹಿಡಿ. ‘ಓವರ್ ಲೆಫ್ಟ್’, ‘ಓವರ್ ರೈಟ್’ ಎಂದರೆ ಎಲ್ಲರೂ ಆ ಬದಿಗೆ ಹಾರು. ರಾಫ್ಟ್ ಬಂಡೆಗೆ ಒರಗಿ ಮಗುಚುವ ಮುಂಚೆ ಕೂಗುವ ಮಾತು ಇದು, ತಡ ಮಾಡುವ ಹಾಗಿಲ್ಲ.

ಇನ್ನೊಂದು ಮಾತು ಗೈಡ್ ಹೇಳಿಯೇ ಹೇಳುತ್ತಾನೆ, ಆದರೂ ಜನ ಮರೆಯುತ್ತಾರೆ. ಹುಟ್ಟಿನ ಮೇಲ್ತುದಿಯ ಅಡ್ಡಹಿಡಿಯನ್ನು ಸದಾ ಅಂಗೈಯಿಂದ ಮುಚ್ಚಿರಬೇಕು. ರಾಫ್ಟಿಂಗ್‌ನಲ್ಲಿ ಹಲ್ಲು ಮುರಿಯುವುದು, ತುಟಿ ಒಡೆಯುವುದು ಪಕ್ಕದವರ ಕೈ ಬಿಟ್ಟ ಆ ಹಿಡಿಯಿಂದ.

ನೀರಿಗೆ ಬಿದ್ದರೆ ಏನು ಮಾಡಬೇಕು?

ಹರಿಯುವ ನೀರಿನಲ್ಲಿ ಎದ್ದು ನಿಲ್ಲಲು ಹೋಗಬೇಡಿ. ಮೊಣಕಾಲುದ್ದ ನೀರಿದ್ದರೂ ಬೇಡ. ಬಂಡೆಗಳ ಸಂದಿಗೆ ಪಾದ ಸಿಕ್ಕಿಕೊಂಡರೆ ಹಿಂದಿನಿಂದ ನೂಕುವ ನೀರು ನಿಮ್ಮನ್ನು ಮುಂದಕ್ಕೆ ಬಗ್ಗಿಸಿ ಮುಳುಗಿಸುತ್ತದೆ. ಈಜು ಬಲ್ಲವರೂ ಸಾಯುವುದು ಹೀಗೆ.

ಬೆನ್ನ ಮೇಲೆ ಮಲಗಿ, ಆರಾಮ ಕುರ್ಚಿಯಲ್ಲಿ ಒರಗಿದ ಹಾಗೆ. ಪಾದಗಳು ನೀರು ಹೋಗುವ ದಿಕ್ಕಿಗೆ, ಕಾಲಿನ ಹೆಬ್ಬೆರಳು ನೀರಿನ ಮೇಲೆ ಕಾಣಬೇಕು, ಮೊಣಕಾಲು ಸ್ವಲ್ಪ ಮಡಚಿರಲಿ. ಬಂಡೆ ಬಂದರೆ ಪಾದ ತಾಗಿಸಿ ನೂಕಿಕೊಳ್ಳಿ. ಅಲೆಯ ತಲೆಯ ಮೇಲೆ ನೀರು ಮುಖಕ್ಕೆ ಹೊಡೆಯುತ್ತದೆ, ಅಲೆಗಳ ನಡುವಿನ ತಗ್ಗಿನಲ್ಲಿ ಉಸಿರು ತೆಗೆದುಕೊಳ್ಳಿ. ಹಗ್ಗ ಎಸೆದರೆ ಹಗ್ಗವನ್ನೇ ಹಿಡಿಯಿರಿ, ಅದನ್ನು ತುಂಬಿಟ್ಟ ಚೀಲವನ್ನಲ್ಲ. ಹಗ್ಗವನ್ನು ಭುಜದ ಮೇಲೆ ಹಾಯಿಸಿ ಎದೆಗೆ ಒತ್ತಿ ಹಿಡಿದು ಬೆನ್ನ ಮೇಲೆ ತಿರುಗಿ. ಕೈಗೆ ಸುತ್ತಿಕೊಳ್ಳಬೇಡಿ, ಬಿಡಬೇಕಾದಾಗ ಬಿಡಲಾಗುವುದಿಲ್ಲ. ರಾಫ್ಟ್ ಹತ್ತಿರವಿದ್ದರೆ ಅದರ ಮೇಲ್ಹೊಳೆ ಬದಿಯ ಹಗ್ಗ ಹಿಡಿಯಿರಿ. ಕೆಳಬದಿಯಲ್ಲಿದ್ದರೆ ರಾಫ್ಟಿಗೂ ಬಂಡೆಗೂ ನಡುವೆ ಸಿಕ್ಕುತ್ತೀರಿ.

ಗೈಡ್ ‘ಈಜು’ ಎಂದಾಗ ಮಾತ್ರ ಹೊಟ್ಟೆಯ ಮೇಲೆ ತಿರುಗಿ, ತೋರಿಸಿದ ದಡಕ್ಕೆ ಓರೆಯಾಗಿ ಜೋರಾಗಿ ಈಜಿ.

ಮಳೆಗಾಲದಲ್ಲಿ ಹೋದವರಿಗೆ ಇಲಿಜ್ವರ ಬರುತ್ತದಂತೆ, ನಿಜವಾ?

ಬರಬಹುದು. ಕೊಂಕಣ, ಮುಂಬೈಗಳಲ್ಲಿ ಮಳೆಗಾಲದ ಕೆಸರುನೀರಿನಿಂದ ಲೆಪ್ಟೋಸ್ಪೈರೋಸಿಸ್ ಹರಡುತ್ತದೆ. ಕಾಲಲ್ಲಿ ತೆರೆದ ಗಾಯ ಇದ್ದರೆ ಜುಲೈ–ಆಗಸ್ಟ್‌ನಲ್ಲಿ ನೀರಿಗಾಗಲೀ ಎಟಿವಿಯ ಕೆಸರಿಗಾಗಲೀ ಇಳಿಯಬೇಡಿ. ಬಂದ ಮೇಲೆ ಸೋಪು ಹಾಕಿ ತೊಳೆಯಿರಿ. ಎರಡು–ಮೂರು ವಾರದೊಳಗೆ ಜ್ವರ, ಮೀನಖಂಡ ನೋವು, ಕಣ್ಣು ಕೆಂಪಾದರೆ ಡಾಕ್ಟರಿಗೆ ಹೊಳೆಗೆ ಇಳಿದ ತಾರೀಖು ಹೇಳಿ. ಮಾತ್ರೆ ಅವರು ಬರೆದರೆ ಮಾತ್ರ.

## ಪಳಗಿದವರಿಗೆ, ತಂಡ ಒಯ್ಯುವವರಿಗೆ

ಎರಡನೇ ಸಲ ಬರುತ್ತಿದ್ದೇನೆ. ನೀರನ್ನು ಓದೋದು ಹೇಗೆ?

ಮುಂದೆ ನೀರಿನ ಮೇಲೆ ಮೂಡುವ ಬಾಣದ ಗುರುತು ನೋಡಿ. ಬಾಣದ ಮೊನೆ ಕೆಳಹೊಳೆ ಕಡೆಗಿದ್ದರೆ ಎರಡು ಬಂಡೆಗಳ ನಡುವಿನ ಆಳದ ದಾರಿ, ರಾಫ್ಟ್ ಅಲ್ಲಿ ಹೋಗುತ್ತದೆ. ಮೊನೆ ನಿಮ್ಮ ಕಡೆಗಿದ್ದರೆ ಅಲ್ಲಿ ನೀರಿನಡಿ ಬಂಡೆ ಇದೆ. ದೊಡ್ಡ ಬಂಡೆಯ ಹಿಂದೆ ನೀರು ಮೇಲ್ಮುಖವಾಗಿ ತಿರುಗಿ ಶಾಂತವಾಗುವ ಜಾಗ ನಿಲ್ಲಲು, ಬಿದ್ದವರನ್ನು ಹತ್ತಿಸಿಕೊಳ್ಳಲು ಬಳಕೆಯಾಗುತ್ತದೆ. ಬಂಡೆಯ ಮೇಲಿಂದ ಬಿದ್ದ ನೀರು ಹಿಂದಕ್ಕೆ ಮಗುಚಿಕೊಳ್ಳುತ್ತಾ ಬಿಳಿ ನೊರೆ ನಿಂತಲ್ಲೇ ನಿಂತಿದ್ದರೆ ಅದು ಹಿಡಿದಿಟ್ಟುಕೊಳ್ಳುವ ಗುಂಡಿ. ಅಲ್ಲಿ ವೇಗ ಬಿಡದೆ ಹುಟ್ಟು ಹಾಕಿ ದಾಟಬೇಕು, ಹೆದರಿ ನಿಲ್ಲಿಸಿದವರೇ ಸಿಕ್ಕಿಬೀಳುತ್ತಾರೆ.

ಎಲ್ಲಕ್ಕಿಂತ ಕೆಟ್ಟವು ನೋಡಲು ಸೌಮ್ಯವಾಗಿರುವ ಎರಡು: ದಡದಿಂದ ನೀರಿಗೆ ಬಾಗಿದ ಮರ ಅಥವಾ ಬಿದಿರುಮೆಳೆ, ಮತ್ತು ಅಡ್ಡಗಟ್ಟೆ. ಮರದ ಕೊಂಬೆಗಳ ನಡುವೆ ನೀರು ಸೋಸಿ ಹೋಗುತ್ತದೆ, ಮನುಷ್ಯ ಒಳಗೇ ಸಿಕ್ಕಿಕೊಳ್ಳುತ್ತಾನೆ. ಕಾಲು ಮುಂದಿಟ್ಟು ತೇಲುವ ನಿಯಮಕ್ಕೆ ಇದೊಂದೇ ಅಪವಾದ. ತಪ್ಪಿಸಿಕೊಳ್ಳಲಾಗದಿದ್ದರೆ ಹೊಟ್ಟೆಯ ಮೇಲೆ ತಿರುಗಿ, ತಲೆ ಮುಂದಾಗಿ ಜೋರಾಗಿ ಈಜಿ ಮರದ ಮೇಲೆ ಎದೆ ಏರಿಸಬೇಕು. ಅಡ್ಡಗಟ್ಟೆಯ ಕೆಳಗೆ ನೀರು ಒಂದೇ ಸಮ ಸುರುಳಿ ಸುತ್ತುತ್ತದೆ, ಹೊರಬರಲು ಬಿಡುವುದಿಲ್ಲ. ಅದರ ಹತ್ತಿರಕ್ಕೂ ಹೋಗಬಾರದು.

ಸಂಘದಿಂದ 40 ಜನ ಬರ್ತಿದ್ದೇವೆ. ಹೇಗೆ ಹಂಚಿಕೊಳ್ಳಲಿ?

14 ಅಡಿ ರಾಫ್ಟಿನಲ್ಲಿ ಗೈಡ್ ಬಿಟ್ಟು 6ರಿಂದ 8 ಜನ. 40 ಜನರಲ್ಲಿ ನಾಲ್ಕೈದು ಮಂದಿ ದಡದಲ್ಲೇ ಉಳಿಯುತ್ತಾರೆ ಎಂದುಕೊಂಡರೆ 36, ಅಂದರೆ ಆರಾರು ಜನರ ಆರು ರಾಫ್ಟು. ಎಡ–ಬಲ ಮೂವರು ಸಮ ಬರುತ್ತದೆ. ಗಂಡಸರೆಲ್ಲ ಒಂದು ರಾಫ್ಟು, ಹೆಂಗಸರೆಲ್ಲ ಒಂದು ಎಂದು ಮಾಡಬೇಡಿ. ಪ್ರತಿಯೊಂದರಲ್ಲೂ ಮುಂದೆ ಇಬ್ಬರು ಒಂದೇ ತಾಳದಲ್ಲಿ ಹುಟ್ಟು ಹಾಕುವವರಿರಲಿ, ಹಿಂದಿನವರು ಅವರನ್ನೇ ನೋಡಿ ಹಾಕುತ್ತಾರೆ. ಮನೆಯವರನ್ನು ಒಟ್ಟಿಗೆ ಕೂರಿಸಿ. ಮಗ ಒಂದು ರಾಫ್ಟ್, ತಾಯಿ ಇನ್ನೊಂದಾದರೆ ತಾಯಿಯ ಕಣ್ಣು ಅತ್ತಲೇ ಇರುತ್ತದೆ, ಗೈಡಿನ ಮಾತು ಕಿವಿಗೆ ಬೀಳುವುದಿಲ್ಲ.

ಹೆಸರು, ವಯಸ್ಸು, ರಕ್ತದ ಗುಂಪು, ದಿನಾ ತಗೊಳ್ಳುವ ಔಷಧಿ, ಮನೆಯವರ ಫೋನ್ ನಂಬರ್ ಬರೆದ ಪಟ್ಟಿ ಎರಡು ಪ್ರತಿ ಮಾಡಿ. ಒಂದು ಆಯೋಜಕರಿಗೆ, ಇನ್ನೊಂದು ದಡದಲ್ಲಿ ಉಳಿದ ಒಬ್ಬರ ಕೈಯಲ್ಲಿ. ಅವರು ಎಲ್ಲರ ಮೊಬೈಲು, ಔಷಧಿ, ಒಣ ಟವೆಲುಗಳ ಜೊತೆ ಕಾರಿನಲ್ಲಿ ರಾಫ್ಟ್ ಮುಗಿಯುವ ಜಾಗಕ್ಕೆ ಮುಂಚೆಯೇ ಹೋಗಿರಲಿ. ಆಂಬುಲೆನ್ಸ್ ನಂಬರ್ 108. ಹೊಳೆಯ ಬದಿ ಎಲ್ಲೆಡೆ ಸಿಗ್ನಲ್ ಸಿಗುವುದಿಲ್ಲ, ಆದ್ದರಿಂದ ಸಿಗ್ನಲ್ ಸಿಗುವ ಜಾಗ ಯಾವುದೆಂದು ಬೆಳಿಗ್ಗೆಯೇ ನೋಡಿಟ್ಟುಕೊಳ್ಳಬೇಕು.

ಎಟಿವಿಗೆ 40 ಜನ ಒಟ್ಟಿಗೆ ನಿಂತರೆ ಸಂಜೆಯಾಗುತ್ತದೆ. ಆರು ಗಾಡಿ ಇದ್ದು, ಸುತ್ತಿಗೆ 15 ನಿಮಿಷ, ಹತ್ತಿ ಇಳಿಯಲು 5 ನಿಮಿಷ ಹಿಡಿದರೆ ಏಳು ಸರದಿ, ಎರಡು ಗಂಟೆ 20 ನಿಮಿಷ. ಮೊದಲು ಮೇಲೆ ಬಂದ ರಾಫ್ಟಿನವರು ಊಟ ಮಾಡಿ, ಒಂದು ಗಂಟೆ ಕುಳಿತು, ಮೊದಲ ಸರದಿಯಲ್ಲಿ ಎಟಿವಿಗೆ ಹೋಗಲಿ, ಉಳಿದವರಿಗೆ ಚೀಟಿ ಬರೆದು ಹೊತ್ತು ಕೊಡಿ. ಬಸ್ಸು ಹೊರಡುವ ಹೊತ್ತಿಗೆ ಪಟ್ಟಿ ಹಿಡಿದು ಒಬ್ಬೊಬ್ಬರ ಹೆಸರು ಕೂಗಿ. ತಲೆ ಎಣಿಸಿದರೆ ಸಾಲದು, ಬೇರೆ ತಂಡದವರೂ ಅದೇ ಬಣ್ಣದ ಜಾಕೆಟ್‌ನಲ್ಲಿ ಅಲ್ಲೇ ಓಡಾಡುತ್ತಿರುತ್ತಾರೆ.